ಗ್ಯಾಸ್ ಡ್ರೈಯರ್ ಮನೆಗೆ ತರಬಹುದೇ? ಅನುಭವ ಇದ್ದವರು ಹೇಳಿ

ಕೋಥ್ರೂಡ್, ಪುಣೆ: ಪರಿಚಯದವರ ಮನೆಯ ಗ್ಯಾಸ್ ಡ್ರೈಯರ್, ಅಂದರೆ ಗ್ಯಾಸ್ ಉರಿಸಿ ಬಟ್ಟೆ ಒಣಗಿಸುವ ಯಂತ್ರ, ಅಗ್ಗಕ್ಕೆ ಸಿಗುತ್ತಿದೆ. ಮಳೆಗಾಲದಲ್ಲಿ ಮಗುವಿನ ಬಟ್ಟೆ ಒಣಗುವುದೇ ಇಲ್ಲ. ಗಾಜು ಹಾಕಿಸಿದ ಡ್ರೈ ಬಾಲ್ಕನಿಯಲ್ಲಿ (ಬಟ್ಟೆ ಒಗೆದು ಒಣಗಿಸುವ ಬಾಲ್ಕನಿ) ಇಡಬಹುದೇ? ಉರಿಯಿಂದ ಹುಟ್ಟುವ ವಿಷಾನಿಲ ಕಾರ್ಬನ್ ಮೊನಾಕ್ಸೈಡಿನ ಭಯ.

ಡೊಂಬಿವಲಿ: ನಮ್ಮಲ್ಲಿದ್ದದ್ದು ಗ್ಯಾಸ್ ಗೀಸರ್. 2019ರ ಡಿಸೆಂಬರ್. ಮಗಳು ಸ್ನಾನಕ್ಕೆ ಹೋಗಿ ಅರ್ಧ ಗಂಟೆಯಾದರೂ ನಲ್ಲಿಯ ಸದ್ದು ನಿಲ್ಲಲಿಲ್ಲ. ಕರೆದರೆ ಉತ್ತರವಿಲ್ಲ. ಚಿಲಕ ಮುರಿದು ನೋಡಿದರೆ ಬಕೆಟ್ ತುಂಬಿ ಹರಿಯುತ್ತಿತ್ತು, ಅವಳು ಗೋಡೆಗೆ ಒರಗಿ ಕುಸಿದಿದ್ದಳು, ಕೈಯಲ್ಲಿ ಇನ್ನೂ ಚೊಂಬು. ಆಸ್ಪತ್ರೆಗೆ 38,400 ರೂಪಾಯಿ, ಬಾಗಿಲಿಗೆ 1,800, ಕರೆಂಟಿನ ಗೀಸರಿಗೆ 9,200. ಉಳಿದಳು, ಅಷ್ಟು ಸಾಕು. ಗ್ಯಾಸ್ ಸೋರಿದರೆ ಮೂಗಿಗೆ ತಿಳಿಯುತ್ತದೆ. ಅದು ಅರ್ಧಂಬರ್ಧ ಉರಿದು ಹುಟ್ಟುವ ವಿಷಕ್ಕೆ ವಾಸನೆಯೇ ಇಲ್ಲ.

ಠಾಣೆ, ಲಾಂಡ್ರಿ: ಹದಿನಾಲ್ಕು ವರ್ಷದಿಂದ ಗ್ಯಾಸ್ ಡ್ರೈಯರ್ ನಡೆಸುತ್ತಿದ್ದೇನೆ. ತಪ್ಪು ಗ್ಯಾಸಿನದಲ್ಲ, ಹೊಗೆ ಹೊರಗೆ ಬಿಡುವ ಪೈಪಿನದು. ಮೊದಲು ತೆಳು ಫಾಯಿಲ್ ಪೈಪ್ ಹಾಕಿಸಿ ಕೆಟ್ಟೆ. ಅದು ಜೋತುಬಿದ್ದು ಒಳಗೆಲ್ಲ ಬಟ್ಟೆಯ ಜುಂಗು ತುಂಬಿತು, ಹೊರಬಾಯಿಯಲ್ಲಿ ಪಾರಿವಾಳ ಗೂಡು ಕಟ್ಟಿತು. ಇಬ್ಬರು ಹುಡುಗರಿಗೆ ದಿನವೂ ತಲೆನೋವು, ವಾಕರಿಕೆ. ಹೊರಗೆ ಚಹಾಕ್ಕೆ ಹೋದರೆ ಸರಿಯಾಗುತ್ತಿತ್ತು. ಹೊಗೆ ಒಳಗೇ ನಿಲ್ಲುತ್ತಿದೆ ಎಂದು ಅದರಿಂದಲೇ ಗೊತ್ತಾಯಿತು. ಗೋಡೆಗೆ ಪೈಪಿನ ತೂತು ಕೊರೆಯುವ ಕೋರ್ ಕಟಿಂಗಿಗೆ 4,500, ಗಟ್ಟಿ ತಗಡಿನ ಪೈಪಿಗೆ 6,200, ತುದಿಯ ಮುಚ್ಚಳಕ್ಕೆ 900 ಕೊಟ್ಟೆ. ಈಗ ತಿಂಗಳಿಗೊಮ್ಮೆ ಪೈಪ್ ಬಿಚ್ಚಿ ತೊಳೆಯುತ್ತೇನೆ. ಜ್ವಾಲೆ ನೀಲಿಯಿಂದ ಹಳದಿಗೆ ತಿರುಗಿದರೆ ಆ ದಿನ ಯಂತ್ರ ಬಂದ್.

ಡೊಂಬಿವಲಿ: ಹುಡುಗರು ದಿನವೂ ವಿಷ ಕುಡಿದ ಮೇಲೆ ಗೊತ್ತಾಯಿತು ಎಂದು ನೀವೇ ಬರೆದಿದ್ದೀರಿ. ಇದನ್ನು ನೋಡಿ ಕೋಥ್ರೂಡಿನವರು ಮಗುವಿರುವ ಮನೆಗೆ ಡ್ರೈಯರ್ ತರಬೇಕೇ?

ಠಾಣೆ, ಲಾಂಡ್ರಿ: ನಿಮ್ಮ ಗೀಸರಿಗೆ ಹೊಗೆ ಪೈಪ್ ಇತ್ತೇ? ಅದನ್ನು ಹೇಳಿ ಮೊದಲು.

ಡೊಂಬಿವಲಿ: ಇರಲಿಲ್ಲ. ಕೂರಿಸಿದವನು ಕಿಟಕಿ ಸಾಕು ಎಂದ, ನಾನು ನಂಬಿದೆ. ಆ ನಂಬಿಕೆ ನನ್ನನ್ನು ಇಂದಿಗೂ ಸುಡುತ್ತದೆ.

ಮುಲುಂಡ್: ಇಷ್ಟು ಗಾಬರಿ ಯಾಕೆ? ನಾನು 1,100 ರೂಪಾಯಿಯ ಗ್ಯಾಸ್ ಅಲಾರಂ ಹಾಕಿಸಿದ್ದೇನೆ, ನಿಶ್ಚಿಂತೆ.

ಮಡಗಾಂವ್: ಅದು ಸೋರಿದ ಎಲ್‌ಪಿಜಿಯನ್ನು ಹಿಡಿಯುವುದು, ನೆಲದ ಹತ್ತಿರ ಇಡುವಂಥದ್ದು. ಕಾರ್ಬನ್ ಮೊನಾಕ್ಸೈಡಿಗೆ ಬೇರೆಯದೇ ಅಲಾರಂ ಬೇಕು, ಅದಕ್ಕೂ ಆಯುಸ್ಸು ಇದೆ. ಡಬ್ಬಿಯ ಹಿಂದಿನ ತಾರೀಖು ಓದಿ. ನಾನು 64,000 ಕೊಟ್ಟು ಕರೆಂಟಿನಲ್ಲಿ ನಡೆಯುವ ಹೀಟ್ ಪಂಪ್ ಡ್ರೈಯರ್ ತಂದೆ. ಒಂದು ಹೊರೆಗೆ ಮೂರು ಗಂಟೆ ಹಿಡಿಯುತ್ತದೆ, ಆದರೆ ಉರಿಯೇ ಇಲ್ಲದ ಕಡೆ ಆ ವಿಷ ಹುಟ್ಟುವುದಿಲ್ಲ.

ಮುಲುಂಡ್: 64,000 ಎಲ್ಲರ ಬಳಿ ಇರುವುದಿಲ್ಲ. ನಮ್ಮ ಸೊಸೈಟಿಯಲ್ಲಿ ಗೋಡೆಗೆ ತೂತು ಹೊಡೆದರೆ 5,000 ದಂಡ ಹಾಕುತ್ತಾರೆ.

ಠಾಣೆ, ಲಾಂಡ್ರಿ: ತೂತಿಗೆ ಅನುಮತಿ ಸಿಗದಿದ್ದರೆ ಗ್ಯಾಸ್ ಡ್ರೈಯರ್ ತರಲೇಬೇಡಿ. ಗಾಜು ಮುಚ್ಚಿದ ಬಾಲ್ಕನಿಯಲ್ಲಂತೂ ಬೇಡವೇ ಬೇಡ. ಅಡುಗೆಮನೆಯ ಎಕ್ಸಾಸ್ಟ್ ಫ್ಯಾನ್ ತಿರುಗಿದರೆ ಹೊಗೆ ಒಳಗೇ ಬರುತ್ತದೆ.

ಡೊಂಬಿವಲಿ: ಇದನ್ನು ಮೊದಲೇ ಬರೆಯಬೇಕಿತ್ತು ನೀವು.

ಮುಲುಂಡ್: ಅಲಾರಂನ ಡಬ್ಬಿಯ ಹಿಂದೆ ನೋಡಿದೆ. ಎಲ್‌ಪಿಜಿ ಎಂದೇ ಬರೆದಿದೆ.