ಮೆಚ್ಚಿನ ಒಂದು ಹಾಡಿನ ಮುದ್ರಿಕೆ ಮ್ಯಾಲ ವಿಮರ್ಶೆ ಬರಿಯೂದು ಹೆಂಗ? ಅನುಭವ ಇದ್ದವರು ಹೇಳ್ರಿ

ರಾಣೆಬೆನ್ನೂರು, ಎಂ.ಎ. ವಿದ್ಯಾರ್ಥಿನಿ

ಎಲ್ಲಾರಿಗೂ ನಮಸ್ಕಾರ್ರಿ. ಕಾಲೇಜಿನ ವಾರ್ಷಿಕ ಸಂಚಿಕೆಗೆ ನನಗಿಷ್ಟವಾದ ಒಂದು ಧ್ವನಿಮುದ್ರಿಕೆ ಬಗ್ಗೆ ವಿಮರ್ಶಾ ಲೇಖನ ಬರೀಬೇಕಾಗೇದ. ನಾ ಆರಿಸಿಕೊಂಡಿದ್ದು ಮಲ್ಲಿಕಾರ್ಜುನ ಮನ್ಸೂರರು ಹಾಡಿದ ಅಕ್ಕಮಹಾದೇವಿ ವಚನ, ‘ಅಕ್ಕ ಕೇಳವ್ವಾ’. ನಮ್ಮಪ್ಪ ಕಿರಾಣಿ ಅಂಗಡಿ ಬಾಗಲಾ ತೆಗೆದು, ಊದಿನಕಡ್ಡಿ ಬೆಳಗಿ, ಮೊದಲು ಹಚ್ಚತಿದ್ದ ಕ್ಯಾಸೆಟ್ ಅದು. ಅಪ್ಪ ಈಗಿಲ್ಲ, ಕ್ಯಾಸೆಟ್ ಅದ. ನಾಲ್ಕು ಪುಟ ಬರದು ನಮ್ಮ ಗುರುಗಳಿಗೆ ತೋರಿಸಿದೆ. ‘ಇದು ಪೂಜಾ ಆತವಾ, ವಿಮರ್ಶೆ ಆಗಲಿಲ್ಲ’ ಅಂದ್ರು. ಮನಿಗೆ ಬಂದು ತಿರುಗಿ ಓದಿದೆ. ಎರಡೂವರಿ ಪುಟ ಮನ್ಸೂರರ ಜೀವನ, 1910ರಾಗ ಹುಟ್ಟಿದ್ದರಿಂದ 1992ರ ತನಕ. ಉಳಿದದ್ದೆಲ್ಲಾ ‘ದಿವ್ಯ’, ‘ಅದ್ಭುತ’, ‘ಮೈಮರೆಸುವ’. ನನಗ ಸಂಗೀತದ ಶಾಸ್ತ್ರ ಬರಂಗಿಲ್ಲ. ಇಷ್ಟು ಪ್ರೀತಿ ಇರೋ ಹಾಡನ್ನ ವಿಮರ್ಶೆ ಮಾಡೂದಾದ್ರೂ ಹೆಂಗ?

ಧಾರವಾಡ, ನಿವೃತ್ತ ಕನ್ನಡ ಶಿಕ್ಷಕಿ

ತಂಗಿ, ಆ ನಾಲ್ಕು ಪುಟ ಹರದು ಒಗೀಬ್ಯಾಡ, ತೆಗೆದಿಡು. ನಾನೂ ಹಂಗ ಸುರು ಮಾಡಿದಾಕಿ. ನಾ ಬರದದ್ದು ಹಿಂದೂಸ್ತಾನಿ ಗಾಯಕ ಅಬ್ದುಲ್ ಕರೀಂ ಖಾನರ ಝಿಂಝೋಟಿ ರಾಗದ ಠುಮರಿ (ಲಘು ಶಾಸ್ತ್ರೀಯ ಹಾಡು) ಮ್ಯಾಲ, ‘ಪಿಯಾ ಬಿನ್ ನಹೀ ಆವತ ಚೈನ್’. ಆ ಗ್ರಾಮಫೋನ್ ತಟ್ಟಿ ಕಥಿ ನಮ್ಮ ಕಡೆ ಯಾರಿಗೆ ಗೊತ್ತಿಲ್ಲ? ರೋಣದಾಗ ಹುಟ್ಟಿದ ಭೀಮಸೇನ ಜೋಶಿ ಸಣ್ಣವರಿದ್ದಾಗ ಅದನ್ನ ಕೇಳಿದ್ರು, ಕೇಳಿದ್ದು ತಲಿಯೊಳಗ ಕೂತು ಬಿಡಲಿಲ್ಲ, 1933ರಾಗ ಹನ್ನೊಂದು ವರ್ಷದವರಿದ್ದಾಗ ಗುರುವನ್ನ ಹುಡುಕ್ಕೋತ ಮನಿ ಬಿಟ್ಟರು. ಊರೂರು ತಿರುಗಿ ಕಡೀಕೆ ಕುಂದಗೋಳದ ಸವಾಯಿ ಗಂಧರ್ವರ ಹತ್ರ ಬಂದು ನಿಂತರು. ಆ ಸವಾಯಿ ಗಂಧರ್ವರು ಅದೇ ಖಾನಸಾಹೇಬರ ಶಿಷ್ಯರು. ಇಂಥಾ ಕಥಿ ಕೈಯಾಗ ಇದ್ದಾಗ ಬಿಡಲಿಕ್ಕೆ ಮನಸ್ಸು ಬರೂದಿಲ್ಲ. ನನ್ನ ಏಳು ಪುಟದಾಗ ಐದು ಪುಟ ಇದೇ ತುಂಬಿತ್ತು.

ನನ್ನ ಗೆಳತಿ ಒಬ್ಬಾಕಿ ಓದಿ ಕೇಳಿದಳು: ‘ಕೂಸು ಮನಿ ಬಿಟ್ಟು ಹೋಗೂವಂಥಾದ್ದು ಆ ತಟ್ಟಿಯೊಳಗ ಏನದ?’ ನನಗ ಮಾತು ಹೊರಡಲಿಲ್ಲ. ನಾ ಕಥಿ ಕೇಳಿದ್ದೆ, ಹಾಡು ಕೇಳಿರಲಿಲ್ಲ.

ಆಮ್ಯಾಲ ಹದಿನೈದು ದಿನ, ದಿನಾ ಮುಂಜಾನೆ ಒಂದ ಸರ್ತಿ ಕೇಳಿದೆ. ಮೊದಲ ಮೂರು ದಿನ ಕೈಯಾಗ ಪೆನ್ನು ಹಿಡೀಲಿಲ್ಲ. ನಾಲ್ಕನೇ ದಿನದಿಂದ ಒಂದು ಉದ್ದನ್ನ ನೋಟ್‌ಬುಕ್ಕಿನಾಗ ಎಡಕ್ಕ ನಿಮಿಷ-ಸೆಕೆಂಡು, ಬಲಕ್ಕ ಅಲ್ಲಿ ಏನಾಗತದ ಅನ್ನೂದು. ‘ಚಂದ ಅದ’ ಅಂತ ಬರೀಬಾರದು ಅಂತ ನನಗ ನಾನೇ ಕಟ್ಟು ಹಾಕಿಕೊಂಡೆ. ದನಿ ಏರಿತೋ ಇಳೀತೋ, ಶಬ್ದಾ ನಿಂತಿತೋ ಮುರೀತೋ, ಉಸುರು ಎಲ್ಲಿ ತಗೊಂಡರು, ಅಷ್ಟೇ. ಒಂಬತ್ತನೇ ದಿನಕ್ಕ ಒಂದು ಸಂಗತಿ ಹೊಳೀತು. ಹಾಡಿನ ಮಾತು ‘ಪ್ರಿಯ ಇಲ್ಲದ ನೆಮ್ಮದಿ ಇಲ್ಲ’ ಅಂತದ. ಆದ್ರ ಆ ಸಣ್ಣ, ಎತ್ತರದ ದನಿಯೊಳಗ ಗಡಿಬಿಡಿ ಇಲ್ಲ, ಗೋಳಾಟ ಇಲ್ಲ. ಸ್ವರದಿಂದ ಸ್ವರಕ್ಕ ಎಳಿ ಕಡೀದಂಗ ಸರೀತದ. ನೆಮ್ಮದಿ ಇಲ್ಲ ಅನ್ನೂದನ್ನ ಇಷ್ಟು ಸಾವಕಾಶ ಹೇಳೂದರಿಂದನ ಅದು ನಂಬಿಗಿ ಹುಟ್ಟಸತದ ಅಂತ ನನ್ನ ವಾದ. ಲೇಖನ ಅಲ್ಲಿಂದ ಸುರು ಆತು. ಜೋಶಿಯವರ ಕಥಿ ಕೊನೀಗೆ ಮೂರು ಸಾಲಾಗಿ ಉಳೀತು, ಆ ಮೂರು ಸಾಲು ಮೊದಲಿನ ಐದು ಪುಟಕ್ಕಿಂತ ತೂಕದ್ದಾದವು.

ಜೀವನಚರಿತ್ರೆ ಪೂರಾ ಬ್ಯಾಡ ಅಂತಲ್ಲ. ಮನ್ಸೂರರು ಮೊದಲು ನೀಲಕಂಠಬುವಾ ಆಲೂರಮಠರ ಹತ್ರ ಗ್ವಾಲಿಯರ್ ಪದ್ಧತಿ ಕಲಿತರು, ಆಮ್ಯಾಲ ಅಲ್ಲಾದಿಯಾ ಖಾನರ ಮಕ್ಕಳಾದ ಮಂಜಿಖಾನ್, ಭುರ್ಜಿಖಾನರ ಹತ್ರ ಜೈಪುರ-ಅತ್ರೌಲಿ ಪದ್ಧತಿ ಹಾಡಿಕಿ. ಆ ಪದ್ಧತಿಯೊಳಗ ಒಂದು ಸ್ವರಗುಚ್ಛದ ಬಾಲಕ್ಕ ಇನ್ನೊಂದನ್ನ ಹೆಣಕೋತ ಹೋಗತಾರ, ನಡುವ ಖಾಲಿ ಜಾಗ ಕಡಿಮಿ. ನಿನ್ನ ವಚನದಾಗೂ ಹಂಗ ಹೆಣೀತಾರೋ, ಇಲ್ಲಾ ಮಾತು ಕೇಳಲಿ ಅಂತ ಬಿಡಿಬಿಡಿ ಮಾಡತಾರೋ? ಕೇಳಿ ನೋಡು. ಆ ಪ್ರಶ್ನೆಗೆ ಬೇಕಾದಷ್ಟೇ ಜೀವನಚರಿತ್ರೆ ಸಾಕು.

ಹುಬ್ಬಳ್ಳಿ, ಮೊದಲು ದುರ್ಗದಬೈಲ ಹತ್ರ ಕ್ಯಾಸೆಟ್ ಅಂಗಡಿ ಇತ್ತು

ಅಕ್ಕಾರು ಹೇಳಿದ್ದು ಖರೇ ಐತಿ. ಆದ್ರ ಅದಕ್ಕೂ ಮೊದಲ ಒಂದು ಕೆಲಸ ಐತಿ. ನೀ ಕೇಳಾಕತ್ತಿದ್ದು ಯಾವ ಪ್ರತಿ ಅನ್ನೂದನ್ನ ಖಾತ್ರಿ ಮಾಡ್ಕೊ ತಂಗಿ.

ಇಪ್ಪತ್ತು ವರ್ಷ ಕ್ಯಾಸೆಟ್ ಮಾರೇನಿ. ಒಬ್ಬ ಗಿರಾಕಿ ಬಂದು, ‘ಈ ಕ್ಯಾಸೆಟ್ಟಿನಾಗ ಗವಾಯಿಗಳ ದನಿ ದಪ್ಪ ಆಗೇತಿ, ವಯಸ್ಸಾದ ಮ್ಯಾಲ ಹಾಡಿದ್ದು ಕೊಟ್ಟಿ’ ಅಂತ ಜಗಳಕ್ಕ ನಿಂತ. ಅವನ ಟೇಪ್ ರೆಕಾರ್ಡರ್ ತರಿಸಿ ನೋಡಿದ್ರ ಒಳಗಿನ ರಬ್ಬರ್ ಬೆಲ್ಟ್ ಸಡ್ಲ ಆಗಿತ್ತು, ಟೇಪು ಸಾವಕಾಶ ಓಡತಿತ್ತು. ವೇಗ ನೂರಕ್ಕ ಆರು ಹೆಚ್ಚುಕಡಿಮಿ ಆದ್ರ ಶ್ರುತಿ ಹಾರ್ಮೋನಿಯಂನ ಒಂದು ಮನಿ ಜರಗತೈತಿ. ನಿಮಿಷಕ್ಕ 78 ಸುತ್ತಿನ ಹಳೇ ತಟ್ಟಿ ಎಲ್ಲಾನೂ ಬರಾಬರಿ 78ಕ್ಕ ಮುದ್ರಣ ಆಗಿರಂಗಿಲ್ಲ. ಈಗ ಮೊಬೈಲಿನಾಗ ಸಿಗೂ ಪ್ರತಿ ಯಾರು ಯಾವ ಮಶಿನ್ನಿನ ಮ್ಯಾಲ ಹಚ್ಚಿ ಏರಿಸ್ಯಾರೋ ಯಾರಿಗೆ ಗೊತ್ತು. ಅದಕ್ಕ ‘ಇಂಥಾ ಶ್ರುತಿಗೆ ಹಾಡ್ಯಾರ’ ಅಂತ ಬರಿಯೂ ಮೊದಲ ಎರಡು ಮೂರು ಪ್ರತಿ ಕೂಡಿಸಿ ನೋಡು.

ಇನ್ನೊಂದು ಮಾತು. ಹಾಡು ಎಷ್ಟುದ್ದ ಅನ್ನೂದು ಭಾಳ ಸಲ ಹಾಡವರ ಕೈಯಾಗ ಇರತಿರಲಿಲ್ಲ. 78ರ ತಟ್ಟಿ ಒಂದು ಬದಿಗೆ ಮೂರು, ಮೂರೂವರಿ ನಿಮಿಷ. ಎಲ್‌ಪಿ ತಟ್ಟಿ ಬದಿಗೆ ಇಪ್ಪತ್ತು, ಇಪ್ಪತ್ತೈದು. ಅರವತ್ತು ನಿಮಿಷದ ಕ್ಯಾಸೆಟ್ ಬದಿಗೆ ಮೂವತ್ತು. ‘ರಾಗ ಬೆಳೆಸಲಿಲ್ಲ, ಲಗೂನ ಮುಗಿಸಿದ್ರು’ ಅಂತ ಹುಳುಕು ತೆಗದವರ ಲೇಖನ ಓದೇನಿ. ತಟ್ಟಿ ಮುಗದ ಮ್ಯಾಲ ಅವರಾದ್ರೂ ಏನು ಮಾಡಬೇಕು? ಆ ಅಳತಿಯೊಳಗ ಏನು ಇಟ್ರು, ಏನು ಬಿಟ್ರು, ಅದನ್ನ ನೋಡಬೇಕು.

ನಿಮ್ಮಪ್ಪಾರ ಕ್ಯಾಸೆಟ್ ಎಷ್ಟು ವರ್ಷ ಅಂಗಡಿಯಾಗ ಓಡೇತಿ? ದಿನಾ ಹಚ್ಚಿದ್ದಾದ್ರ ಟೇಪು ಎಳಕೊಂಡಿರತೈತಿ. ಅದೊಂದನ್ನ ನಂಬಿ ಬರೀಬ್ಯಾಡ.

ಗದಗ, ತಬಲಾ ಬಾರಸ್ತೀನಿ

ಶಾಸ್ತ್ರ ಬರಂಗಿಲ್ಲ ಅಂತ ಹೆದರಬ್ಯಾಡವಾ. ಬೆರಳ ಮಡಚಿ ಎಣಿಸಾಕ ಬರತೈತಲ್ಲ? ಹಾಡು ತಿರುಗಿ ಪಲ್ಲವಿಗೆ ಬಂದು ಜೋರು ಬೀಳೂ ಜಾಗ ಸಮ್. ಅಲ್ಲಿಂದ ಮತ್ತ ಅಲ್ಲಿಗೆ ಎಣಿಸು. ಎಷ್ಟು ಮಾತ್ರೆ ಅಂತ ಬರಕೊಂಡು ನಿಮ್ಮೂರಾಗ ತಬಲಾ ಬಾರಸವರಿಗೆ ಒಂದು ಸಲ ತೋರಸು, ತಾಳದ ಹೆಸರು ಅವರು ಹೇಳತಾರ. ರಾಗದ ಹೆಸರೂ ಹಂಗ, ಕ್ಯಾಸೆಟ್ ಹೊದಿಕಿ ನೋಡಿ ಬರೀಬ್ಯಾಡ, ಅವು ತಪ್ಪಿದ್ದು ಭಾಳ ನೋಡೇನಿ.

ವಚನದಾಗ ಒಂದು ವಿಶೇಷ ಐತಿ. ವಚನಕ್ಕ ಪಲ್ಲವಿ ಇಲ್ಲ, ಚರಣ ಇಲ್ಲ, ಸಾಲಿನ ಮಾತ್ರೆ ಒಂದಕ್ಕೊಂದು ಕೂಡಂಗಿಲ್ಲ. ಬಸವಣ್ಣ ಆಗಲಿ ಅಕ್ಕ ಆಗಲಿ ತಾಳಕ್ಕ ಅಳದು ಹೇಳಿದವರಲ್ಲ. ಯಾವ ಸಾಲನ್ನ ಪಲ್ಲವಿ ಮಾಡಬೇಕು, ಯಾವ ಅಕ್ಷರ ಸಮ್ಮಿಗೆ ಬೀಳಬೇಕು ಅನ್ನೂದು ಹಾಡವರು ಮಾಡಿದ ಅರ್ಥ. ನಿನ್ನ ವಿಮರ್ಶೆ ಅಲ್ಲೇ ಐತಿ ನೋಡು.

ಧಾರವಾಡ, ನಿವೃತ್ತ ಕನ್ನಡ ಶಿಕ್ಷಕಿ

ತಬಲಾದವರು ನನ್ನ ಬಾಯಾಗಿನ ಮಾತು ಕಸಕೊಂಡ್ರು. ಆ ವಚನದಾಗ ‘ಕಂಡೆ’ ಅನ್ನೂದು ಸಾಲ್ಸಾಲಿಗೆ ಬರತದ. ಕನಸ ಕಂಡೆ, ಅಕ್ಕಿ ಅಡಕಿ ಓಲಿ ತೆಂಗಿನಕಾಯಿ ಕಂಡೆ, ಗೊರವ ಭಿಕ್ಷಕ್ಕ ಬಂದದ್ದನ್ನ ಕಂಡೆ. ಅಷ್ಟು ಸಲ ಕಂಡದ್ದು ಕಣ್ಣು ಮುಚ್ಚಿಕೊಂಡು. ಕೊನೀಗೆ ಚೆನ್ನಮಲ್ಲಿಕಾರ್ಜುನನ್ನ ಕಂಡು ‘ಕಣ್ದೆರೆದೆನು’. ಆ ಕೊನೀ ಶಬ್ದ ಬಂದಾಗ ಮನ್ಸೂರರ ದನಿ ಏನು ಮಾಡತದ? ಹೊರಳಿ ‘ಅಕ್ಕ ಕೇಳವ್ವಾ’ಕ್ಕ ಬಂದಾಗ ಕನಸು ಮತ್ತ ಸುರು ಆಗತದೋ, ಎಚ್ಚರಾದಾಕಿ ಗೆಳತಿಗೆ ಹೇಳಿಧಂಗ ಕೇಳಸತದೋ? ಇವೆರಡಕ್ಕ ಉತ್ತರ ಬರದ್ರ ನಿನ್ನ ಲೇಖನದ ಅರ್ಧ ಆತು.

ಮತ್ತ ಅಂಕಿತದ ಹೆಸರೂ ಗಾಯಕರ ಹೆಸರೂ ಒಂದೇ ಅಂತ ಹಿಗ್ಗಿ ಒಂದು ಪ್ಯಾರಾ ಬರಿಯೂ ಆಸೆ ಆಗತದ. ಬರೀಬ್ಯಾಡವ್ವಾ.

ಹುಬ್ಬಳ್ಳಿ, ದೇಶಪಾಂಡೆ ನಗರ

ನಾನು ಗಂಗೂಬಾಯಿ ಹಾನಗಲ್ ಅವರ ಹಾಡಿಕೆಯ ಬಗ್ಗೆ ಬರೆದಾಗ ಮಾಡಿದ ತಪ್ಪು ಹೇಳುತ್ತೇನೆ. ಅವರ ಜನ್ಮಶತಮಾನೋತ್ಸವದ ವರ್ಷ, 2013. ‘ಗಂಡುದನಿಯ ಗಾಯಕಿ’ ಎಂಬ ಮಾತಿನಿಂದ ಲೇಖನ ಆರಂಭಿಸಿದ್ದೆ. ಎಲ್ಲರೂ ಹೇಳುವ ಮಾತು, ನನ್ನ ಕಿವಿಯಿಂದ ಬಂದದ್ದಲ್ಲ. ನಮ್ಮ ಸೋದರತ್ತೆ ಚಿಕ್ಕಂದಿನಿಂದ ಗಂಗಜ್ಜಿಯನ್ನು ಕೇಳಿದವರು. ‘ಗಂಡಿನ ದನಿ ಅಂದ ಮ್ಯಾಲ ಆತಲ್ಲ, ಇನ್ನ ಮುಂದ ಏನು ಹೇಳಾಂವ ನೀನು?’ ಎಂದರು.

ಆಗ ಎರಡು ಮುದ್ರಿಕೆ ಎದುರುಬದುರು ಇಟ್ಟುಕೊಂಡೆ. ಒಂದು 1930ರ ದಶಕದ ಎಚ್‌ಎಂವಿ ಕಂಪನಿಯ ತಟ್ಟೆ, ಅವರು ಗಾಂಧಾರಿ ಎಂಬ ಹೆಸರಿನಲ್ಲಿ ಹಾಡಿದ್ದು. ತೆಳುವಾದ, ಎತ್ತರದ ದನಿ. ಇನ್ನೊಂದು ಗಂಟಲಿನ ಶಸ್ತ್ರಚಿಕಿತ್ಸೆಯಾಗಿ ದನಿ ಇಳಿದ ಎಷ್ಟೋ ವರ್ಷಗಳ ನಂತರದ್ದು. ದನಿ ದಪ್ಪವಾಯಿತು ಎಂಬುದು ಯಾರಿಗೂ ಕೇಳಿಸುತ್ತದೆ. ನನಗೆ ಬೇಕಾಗಿದ್ದು ಆ ದನಿಯಿಂದ ಅವರು ಏನು ಕಟ್ಟಿದರು ಎಂಬುದು. ವಿಲಂಬಿತದಲ್ಲಿ, ಅಂದರೆ ನಿಧಾನ ಲಯದಲ್ಲಿ, ಒಂದೊಂದು ಸ್ವರದ ಮೇಲೂ ಭಾರ ಬಿಟ್ಟು ನಿಲ್ಲುವುದು, ಮುಂದಿನ ಸ್ವರಕ್ಕೆ ಅವಸರ ಮಾಡದಿರುವುದು ಅವರ ಕಿರಾಣಾ ಹಾಡಿಕೆ ಪದ್ಧತಿಯ ಗುಣ. ಆ ಭಾರ ಹೊರಲು ಅಂಥ ದನಿಯೇ ಬೇಕಿತ್ತು ಎನಿಸಿತು. ಹಾಗೆಂದು ಹಳೆಯ ತಟ್ಟೆಯ ಚುರುಕು ಆಮೇಲೆ ಸಿಗುವುದಿಲ್ಲ, ಅದನ್ನೂ ಬರೆದೆ. ಬರೆಯುವಾಗ ಕೈ ನಡುಗಿತು. ನಮ್ಮೂರಿನ ಹಿರಿಯರ ಬಗ್ಗೆ ‘ಇದು ಇಲ್ಲಿ ಇಲ್ಲ’ ಎನ್ನುವುದು ಸುಲಭವಲ್ಲ. ಆದರೆ ಆ ಸಾಲು ಇದ್ದುದರಿಂದಲೇ ಹೊಗಳಿದ ಸಾಲುಗಳನ್ನು ಓದುಗರು ನಂಬಿದರು.

ತಂಗೀ, ಅದೇ ವಚನವನ್ನು ಬೇರೆಯವರು ಹಾಡಿದ್ದನ್ನೂ ಒಮ್ಮೆ ಕೇಳಿ. ಹೋಲಿಸಿ ಬರೆಯಬೇಕೆಂದಿಲ್ಲ. ಮನ್ಸೂರರು ಮಾಡಿದ್ದು ಸಹಜ ಎಂದು ನೀವು ದಾಟಿಹೋಗಿರುವ ಜಾಗಗಳು ಆಗ ಎದ್ದು ಕಾಣುತ್ತವೆ.

ಗದಗ, ಹಾರ್ಮೋನಿಯಂ ಕಲಿಸುವವರು

ನಾನು ಹುಟ್ಟುಕುರುಡ. ಕಲಿತದ್ದು ಇಲ್ಲಿಯ ವೀರೇಶ್ವರ ಪುಣ್ಯಾಶ್ರಮದಾಗ, ಪುಟ್ಟರಾಜ ಗುರುಗಳು ಇದ್ದ ಕಾಲಕ್ಕ. ಈ ಮಾತು ಮೊಮ್ಮಗನ ಕಡೆ ಬರಸಾಕತ್ತೇನಿ.

ಸಂಗೀತದ ವಿಮರ್ಶೆ ಓದಿಸಿ ಕೇಳತೀನಿ. ಮಿಂಚಿನಂಥ ತಾನ, ಬಣ್ಣಬಣ್ಣದ ಸ್ವರ, ರಾಗದ ಚಿತ್ರ ಬಿಡಿಸಿದರು, ಹಿಂಗ ಬರೀತಾರ. ನನಗ ಅದರಾಗ ಏನೂ ಸಿಗಂಗಿಲ್ಲ. ಕಣ್ಣಿದ್ದವರಿಗಾದ್ರೂ ಏನು ಸಿಗತೈತೋ ತಿಳೀದು. ನಮ್ಮ ಗುರುಗಳು ಕಲಿಸುವಾಗ ಹೇಳತಿದ್ದದ್ದು ಎಲ್ಲಾ ಕೈಗೆ ಮೈಗೆ ತಿಳಿಯೂ ಮಾತು. ಎಳಿ, ಒತ್ತು, ಜಾರಿಸು, ಮುಟ್ಟಿ ಬಿಡು, ತೂಗು, ಕಟ್ಟ ಬ್ಯಾಡ, ಸಡ್ಲ ಬಿಡು. ಒಕ್ಕಲುತನ ಮಾಡವರ, ನೇಕಾರರ ಮನ್ಯಾಗ ದಿನಾ ಆಡೂ ಮಾತು ಇವು. ಇವನ್ನ ಹಿಡದು ಬರಿ. ‘ಈ ಶಬ್ದದ ಮ್ಯಾಲ ದನಿ ಒತ್ತಿ, ಬಿಡೂ ಮುಂದ ಜಾರಸ್ತಾರ’ ಅಂದ್ರ ನನಗ ಹಾಡು ಕೇಳಿಧಂಗ ಆಗತೈತಿ.

ಬರದಾದ ಮ್ಯಾಲ ಆ ಹಾಡು ಒಮ್ಮಿನೂ ಕೇಳದವರ ಮುಂದ ಓದು. ಅವರಿಗೆ ಕೇಳಬೇಕು ಅನಿಸ್ತೇನು ಅಂತ ಕೇಳಬ್ಯಾಡ. ಹೆಂಗಿರತೈತಿ ಅಂತ ಅಂದಾಜು ಮಾಡಿ ಗುನುಗಾಕ ಹೇಳು. ಕೂಡಿತೋ ಇಲ್ಲೋ ನಿನಗ ಅಲ್ಲೇ ತಿಳೀತೈತಿ.

ಹಾವೇರಿ, ಪತ್ರಿಕೆಗೆ ಬರೆಯುವವರು

ಎಲ್ಲರೂ ಹೇಳಿದ್ದು ಒಪ್ಪುತ್ತೇನೆ. ಒಂದು ಮಾತಿಗೆ ಮಾತ್ರ ತಕರಾರಿದೆ. ಇಷ್ಟೆಲ್ಲಾ ಓದಿ ಈ ಹುಡುಗಿ ಅಪ್ಪನ ಅಂಗಡಿಯನ್ನು ಲೇಖನದಿಂದ ಕಿತ್ತುಹಾಕಿದರೆ ನಷ್ಟ. ಬೆಳಿಗ್ಗೆ ಅಂಗಡಿ ಬಾಗಿಲಲ್ಲಿ, ಅಕ್ಕಿ ಮೂಟೆಗಳ ನಡುವೆ, ದಿನವೂ ‘ಅಕ್ಕಿ ಅಡಕೆ’ ಎಂಬ ಸಾಲು ಕೇಳಿದ ಕಿವಿ ಅದು. ಆ ಕಿವಿ ನಮ್ಮ ಯಾರಿಗೂ ಇಲ್ಲ. ಆದರೆ ಅಪ್ಪ ಇಷ್ಟಪಟ್ಟದ್ದರಿಂದ ಹಾಡು ದೊಡ್ಡದು ಎಂದು ಬರೆಯಬೇಡಮ್ಮ. ಅಪ್ಪ ಎಲ್ಲಿ ಕೆಲಸ ನಿಲ್ಲಿಸಿ ಕೇಳುತ್ತಿದ್ದರು, ಎಲ್ಲಿ ಗಿರಾಕಿಗೆ ತೂಕ ಹಾಕುತ್ತಾ ಇದ್ದರು ಎಂದು ನೆನಪಿದ್ದರೆ ಬರೆ. ಅದೂ ವಿಮರ್ಶೆಯೇ.

ರಾಣೆಬೆನ್ನೂರು, ಎಂ.ಎ. ವಿದ್ಯಾರ್ಥಿನಿ

ಎಲ್ಲಾರಿಗೂ ಕೈಮುಗಿದು ಹೇಳ್ತೀನಿ, ಭಾಳ ಉಪಕಾರ ಆತ್ರಿ. ಹತ್ತು ದಿನ ಆತು, ನೋಟ್‌ಬುಕ್ಕಿನಾಗ ಹದಿನಾಲ್ಕು ಪುಟ ತುಂಬೇದ.

ಕ್ಯಾಸೆಟ್ ಅಂಗಡಿ ಕಾಕಾರು ಹೇಳಿದ ಮಾತಿಗೆ ನಿನ್ನೆ ಉತ್ತರ ಸಿಕ್ತು. ‘ಕೇಳವ್ವಾ’ ಅನ್ನೂದರ ಕೊನೀಗೆ, ಒಂದೇ ಒಂದು ಸರ್ತಿ, ದನಿ ಸಣ್ಣಗೆ ನಡುಗಿ ಕೆಳಗ ಬಾಗತದ. ಹಾಡಿನೊಳಗ ನನಗ ಎಲ್ಲಾಕ್ಕಿಂತ ಇಷ್ಟದ ಜಾಗ ಅದು. ಮೊದಲ ಬರದ ಲೇಖನದಾಗೂ ‘ಅಕ್ಕನ ಎದಿ ನಡುಕ ಗಾಯಕರ ಕಂಠಕ್ಕಿಳಿದ ಕ್ಷಣ’ ಅಂತ ಅದರ ಬಗ್ಗೆನ ಬರದಿದ್ದೆ. ಮೊಬೈಲಿನಾಗ ಬ್ಯಾರೆ ಎರಡು ಪ್ರತಿ ಹಚ್ಚಿದೆ. ಎರಡರಾಗೂ ನಡುಕ ಇಲ್ಲ. ಸ್ವರ ನೆಟ್ಟಗ ನಿಂತದ, ಉದ್ದಕ್ಕ. ನಮ್ಮ ಕ್ಯಾಸೆಟ್ಟಿನ ಆ ಜಾಗದಾಗ ಟೇಪು ಎಳಕೊಂಡದ. ಅಪ್ಪ ಪಲ್ಲವಿ ಮತ್ತ ಕೇಳಬೇಕಂತ ಅಲ್ಲಿಗೇ ನಿಲ್ಲಿಸಿ ಹಿಂದಕ್ಕ ತಿರುಗಿಸತಿದ್ರು, ದಿನಾ.

ಸ್ವಲ್ಪ ಹೊತ್ತು ಸುಮ್ಮನ ಕೂತಿದ್ದೆ. ಆಮ್ಯಾಲ ನೆಟ್ಟಗ ನಿಂತ ಸ್ವರಾನ ಕೇಳಿದೆ, ಮೊದಲ ಸಲ ಕೇಳಿಧಂಗ. ಹಾರ್ಮೋನಿಯಂ ಅಜ್ಜಾರು ಹೇಳಿಧಂಗ ಬರೀಬೇಕಂದ್ರ, ಮನ್ಸೂರರು ಅಲ್ಲಿ ಜಾರಸೂದಿಲ್ಲ, ತೂಗೂದಿಲ್ಲ. ಗೆಳತಿ ತಿರುಗಿ ನೋಡೂ ತನಕ ಕಾಯೋರ ಗತೆ ಹಿಡದು ನಿಲ್ಲತಾರ. ಅಕ್ಕ ಅಂಜಿಲ್ಲ ಅಲ್ಲಿ. ಕನಸು ಹೇಳಬೇಕಾಗೇದ, ಕೇಳೋರು ಬೇಕಾಗ್ಯಾರ.

ಲೇಖನ ಅಲ್ಲಿಂದನ ಸುರು ಮಾಡೇನಿ. ಮೊದಲ ಪ್ಯಾರಾದಾಗ ಅಪ್ಪನ ಟೇಪಿನ ನಡುಕ, ಎರಡನೇದರಾಗ ನಿಂತ ಸ್ವರ. ‘ಕಣ್ದೆರೆದೆನು’ಕ್ಕ ಇನ್ನೂ ಬಂದಿಲ್ಲ. ನಾಳೆ ತಬಲಾ ಮಾಸ್ತರ ಕಡೆ ಹೋಗಿ ಮಾತ್ರೆ ಎಣಿಸಿಕೊಂಡು ಬರ್ತೀನಿ.