ಗಂಟೆಗೆ 27 ಜನ ಬರ್ತಾರೆ, 30 ಜನರ ಕೆಲಸ ಮುಗಿಸಬಹುದು. ಆದ್ರೂ ಇಷ್ಟುದ್ದ ಸಾಲು ಯಾಕೆ?

ಟೋಕನ್_ಪ್ಲೀಸ್:
ರಕ್ತಪರೀಕ್ಷೆ ಲ್ಯಾಬ್, ಸ್ಯಾಂಪಲ್ ತೆಗೆಯೋಕೆ ಒಂದೇ ಕೌಂಟರ್. ಗಂಟೆಗೆ ಸರಾಸರಿ 27 ಜನ, ಒಬ್ಬರಿಗೆ ಸರಾಸರಿ 2 ನಿಮಿಷ. ಎಕ್ಸೆಲ್‌ನಲ್ಲಿ ಇಬ್ಬರ ನಡುವಿನ ಅಂತರಕ್ಕೆ 0ಯಿಂದ 4.44 ನಿಮಿಷದೊಳಗಿನ ರ‍್ಯಾಂಡಮ್ ಸಂಖ್ಯೆ ಕೊಟ್ಟು, ಎಲ್ಲರಿಗೂ ಸರಿಯಾಗಿ 2 ನಿಮಿಷ ಹಾಕಿದ್ದೀನಿ. ಕಾಯೋ ಸಮಯ ಸರಾಸರಿ 3 ನಿಮಿಷದ ಆಸುಪಾಸು ಬರುತ್ತೆ. ಆದರೆ ಕೌಂಟರ್ ಮುಂದೆ 20 ನಿಮಿಷ ಕಾಯೋದು ಮಾಮೂಲು. ಎಲ್ಲಿ ತಪ್ಪಿದೆ? ಇನ್ನೊಂದು ಕೌಂಟರ್ ಹಾಕಿದರೆ ಎರಡು ಸಾಲು ಮಾಡೋದೋ, ಒಂದೇ ಸಾಲೋ?

ಲೆಕ್ಕಿಗ:
ಸರಾಸರಿಗಳು ಸರಿಯಾಗೇ ಇವೆ. ನಿಜವಾದಷ್ಟು ಏರುಪೇರು ಶೀಟಿನಲ್ಲಿಲ್ಲ, ಅಷ್ಟೇ.

ಒಬ್ಬರಿಗೊಬ್ಬರು ಸಂಬಂಧವಿಲ್ಲದವರು ತಮ್ಮ ಪಾಡಿಗೆ ಬರುವಾಗ, 5 ನಿಮಿಷದಲ್ಲಿ ಎಷ್ಟು ಜನ ಬರುತ್ತಾರೆ ಅನ್ನೋದು ಪಾಯ್ಸಾನ್ ವಿತರಣೆಯ ಪ್ರಕಾರ ನಡೆಯುತ್ತೆ. ನಿಮ್ಮಲ್ಲಿ ಅದರ ಸರಾಸರಿ 2.25. ಹಾಗಾಗಿ ಶೇ. 10.5ರಷ್ಟು ಸಲ ಒಬ್ಬರೂ ಬರೋದಿಲ್ಲ, ಸುಮಾರು ಶೇ. 8ರಷ್ಟು ಸಲ 5 ಅಥವಾ ಹೆಚ್ಚು ಜನ ಒಟ್ಟಿಗೇ ಬರ್ತಾರೆ. ಕೌಂಟರಿಗೆ ಅಷ್ಟರಲ್ಲಿ ಮುಗಿಸೋಕಾಗೋದು ಎರಡೂವರೆ ಜನರನ್ನ. ಖಾಲಿ ಕೂತ ನಿಮಿಷಗಳನ್ನ ಕೂಡಿಟ್ಟು ಆಮೇಲೆ ಬಳಸೋಕೆ ಬರಲ್ಲ, ಬೆಳೆದ ಸಾಲು ಮಾತ್ರ ಹಾಗೇ ಉಳಿಯುತ್ತೆ.

ಅಂತರಕ್ಕೆ ಘಾತೀಯ ವಿತರಣೆ (ಚಿಕ್ಕ ಅಂತರಗಳೇ ಹೆಚ್ಚು, ಅಪರೂಪಕ್ಕೆ ತುಂಬ ಉದ್ದದ್ದು) ಬಳಸಿ: 1ರಲ್ಲಿ ಎಕ್ಸೆಲ್‌ನ ರ‍್ಯಾಂಡ್ ಕಳೆದು, ಉಳಿದದ್ದರ ಸ್ವಾಭಾವಿಕ ಲಾಗ್ ತೆಗೆದು, ಮೈನಸ್ 2.22ರಿಂದ ಗುಣಿಸಿ. ಸೇವೆಗೂ ಹೀಗೇ, ಮೈನಸ್ 2ರಿಂದ. ಸರಾಸರಿ ಕಾಯುವಿಕೆಗೆ ಸೂತ್ರವೂ ಇದೆ. ಕೌಂಟರಿನ ಬಳಕೆ 27/30 ಅಂದರೆ 0.9, ಅದನ್ನ 1ರಲ್ಲಿ ಉಳಿದ 0.1ರಿಂದ ಭಾಗಿಸಿ 2 ನಿಮಿಷದಿಂದ ಗುಣಿಸಿದರೆ 18 ನಿಮಿಷ. ಬಳಕೆ 0.8 ಆಗಿದ್ದರೆ 8, 0.95 ಆದರೆ 38. ಲಿಟಲ್ ನಿಯಮದಂತೆ (ಸಾಲಿನಲ್ಲಿರೋ ಜನ = ಗಂಟೆಗೆ ಬರುವವರು × ಕಾಯೋ ಸಮಯ) 27ನ್ನ 0.3 ಗಂಟೆಯಿಂದ ಗುಣಿಸಿ: ಸಾಲಿನಲ್ಲಿ ಸರಾಸರಿ 8 ಜನ.

ಎರಡು ಕೌಂಟರಾದರೆ ಒಂದೇ ಸಾಲು, ಅನುಮಾನವೇ ಬೇಡ. ಕೋಪನ್‌ಹೇಗನ್ ಟೆಲಿಫೋನ್ ಕಂಪನಿಯಲ್ಲಿದ್ದ ಎರ್ಲಾಂಗ್ 1917ರಲ್ಲಿ ಪ್ರಕಟಿಸಿದ ಸೂತ್ರದ ಪ್ರಕಾರ ಒಂದೇ ಸಾಲಿಗೆ ಸರಾಸರಿ ಕಾಯುವಿಕೆ 30 ಸೆಕೆಂಡ್. ಎರಡು ಬೇರೆ ಸಾಲು ಮಾಡಿ, ಯಾರೂ ಸಾಲು ಬದಲಿಸಲಿಲ್ಲ ಅಂದರೆ 1 ನಿಮಿಷ 38 ಸೆಕೆಂಡ್. ಒಂದು ಕಡೆ ಕೌಂಟರ್ ಖಾಲಿ, ಇನ್ನೊಂದು ಕಡೆ ಜನ ನಿಂತಿರೋದು, ಇದೇ ಕಾರಣ.

ವೇರಿಯನ್ಸ್_ಮುಖ್ಯ:
ಆಗಮನಕ್ಕೆ ಘಾತೀಯ ಓಕೆ. ಸೇವೆಗೂ ಅದನ್ನೇ ಅಂಟಿಸೋದು ನನಗೆ ಒಪ್ಪಿಗೆಯಿಲ್ಲ, ಅಳೆದು ನೋಡಿ. ರಕ್ತ ತೆಗೆಯೋದು ಬಹುತೇಕರಿಗೆ ಒಂದೇ ನಿಮಿಷದ ಕೆಲಸ. ಮಗು ಬಂತು, ನರ ಸಿಗಲಿಲ್ಲ, ಬಾರ್‌ಕೋಡ್ ಸ್ಟಿಕರ್ ತಪ್ಪಾಯ್ತು ಅಂದರೆ ಹತ್ತು ಹನ್ನೊಂದು ನಿಮಿಷ.

ಸೇವೆಯ ಸಮಯ ಹೇಗೇ ಏರುಪೇರಾದರೂ ಕಾಯುವಿಕೆ ಹೇಳೋ ಪೊಲಾಚೆಕ್–ಖಿಂಚಿನ್ ಸೂತ್ರದಲ್ಲಿ ಸೇವೆಯ ಸಮಯದ ವೇರಿಯನ್ಸನ್ನ (ಸರಾಸರಿಯಿಂದ ಎಷ್ಟು ಚದುರಿದೆ ಅನ್ನೋ ಅಳತೆ) ಸರಾಸರಿಯ ವರ್ಗದಿಂದ ಭಾಗಿಸಿ, 1 ಕೂಡಿಸಿ, ಅರ್ಧ ಮಾಡಿ, ಮೇಲಿನ 18ಕ್ಕೆ ಗುಣಿಸಬೇಕು. ಎಲ್ಲರಿಗೂ ಸರಿಯಾಗಿ 2 ನಿಮಿಷವಾದರೆ 9 ನಿಮಿಷ ಬರುತ್ತೆ. ಶೇ. 90 ಜನರಿಗೆ 1 ನಿಮಿಷ, ಶೇ. 10 ಜನರಿಗೆ 11 ನಿಮಿಷ ಅಂತಿಟ್ಟುಕೊಳ್ಳಿ. ಸರಾಸರಿ ಅದೇ 2, ಆದರೆ ವೇರಿಯನ್ಸ್ 9, ಕಾಯುವಿಕೆ 29 ನಿಮಿಷ ದಾಟುತ್ತೆ. ಹಾಗಾಗಿ ಸ್ಟಿಕರ್, ಬಿಲ್ ತಿದ್ದೋ ಕೆಲಸವನ್ನ ಮೊದಲು ಆ ಕುರ್ಚಿಯಿಂದ ಆಚೆ ಹಾಕಿ. ಸರಾಸರಿಯಲ್ಲಿ ಹತ್ತು ಸೆಕೆಂಡ್ ಉಳಿಸೋದಕ್ಕಿಂತ ಈ ಹನ್ನೊಂದು ನಿಮಿಷದವರನ್ನ ಕಡಿಮೆ ಮಾಡೋದೇ ಹೆಚ್ಚು ಲಾಭ.

ಟೋಕನ್_ಪ್ಲೀಸ್:
ಹೊಸ ಸೂತ್ರ ಹಾಕಿದೆ. 100 ಜನಕ್ಕೆ ಓಡಿಸಿದರೆ ಒಮ್ಮೆ 6 ನಿಮಿಷ, ಒಮ್ಮೆ 31. ಎಫ್9 ಒತ್ತಿದಾಗೆಲ್ಲ ಬೇರೆ ಬೇರೆ ಉತ್ತರ!

ಬೆಳಗಿನ_ಪಾಳಿ:
ಅದು ಸಹಜ. 100 ಜನ ಅಂದರೆ ನಾಲ್ಕು ಗಂಟೆಯೂ ಇಲ್ಲ. ಬಳಕೆ 0.9 ಇದ್ದಾಗ ಖಾಲಿ ಸಾಲಿನಿಂದ ಶುರುವಾಗಿ ಸ್ಥಿರ ಸ್ಥಿತಿಯ (ಸರಾಸರಿ ಒಂದೇ ಕಡೆ ನಿಲ್ಲೋ ಹಂತ) ಹತ್ತಿರ ಬರೋಕೇ 12–13 ಗಂಟೆಯ ಲೆಕ್ಕ ಆಗುತ್ತೆ. ಒಂದು ಲಕ್ಷ ಜನಕ್ಕೆ ಓಡಿಸಿ, ಮೊದಲ ಕೆಲವು ಸಾವಿರ ಬಿಟ್ಟು ಸರಾಸರಿ ತೆಗೆಯಿರಿ, 18ರ ಸುತ್ತ ನಿಲ್ಲುತ್ತೆ.

ಆದರೆ ಲ್ಯಾಬಿಗೆ ಆ 18 ಅಷ್ಟೇನೂ ಉಪಯೋಗಕ್ಕೆ ಬರಲ್ಲ ಅನ್ನೋದು ನನ್ನ ಅಭಿಪ್ರಾಯ. ಖಾಲಿ ಹೊಟ್ಟೆಯವರೆಲ್ಲ ಬೆಳಿಗ್ಗೆಯೇ ನುಗ್ಗುತ್ತಾರೆ. 7ರಿಂದ 9ರವರೆಗೆ ಗಂಟೆಗೆ 45 ಜನ ಬಂದರು ಅನ್ನಿ: 9ಕ್ಕೆ 30 ಜನ ಬಾಕಿ, ಆಗ ಬಂದವರು ಒಂದು ಗಂಟೆ ಕಾಯಬೇಕು. ಆಮೇಲೆ ಗಂಟೆಗೆ 12ಕ್ಕೆ ಇಳಿದರೂ ಬಾಕಿ ತೀರೋಕೆ 1 ಗಂಟೆ 40 ನಿಮಿಷ. ಬರೀ ಕೂಡು-ಕಳೆ, ಯಾವ ವಿತರಣೆಯೂ ಬೇಡ. ಎರಡನೇ ಕೌಂಟರ್ ಆ ಎರಡು ಗಂಟೆ ಇದ್ದರೆ ಸಾಕು.

ಪಾಯ್ಸಾನ್ ಹೌದೋ ಅಲ್ಲವೋ ಅಂತ ನೋಡೋಕೆ 5 ನಿಮಿಷದ ಎಣಿಕೆಗಳ ವೇರಿಯನ್ಸನ್ನ ಸರಾಸರಿಯಿಂದ ಭಾಗಿಸಿ. 1ರ ಹತ್ತಿರ ಬರಬೇಕು. ಬೇರೆ ಬೇರೆ ದಿನಗಳ ಅದೇ ಗಂಟೆಯ ಎಣಿಕೆಗಳನ್ನಷ್ಟೇ ಸೇರಿಸಿ. ಇಡೀ ದಿನದ್ದನ್ನ ಕಲಸಿದರೆ ಬೆಳಗಿನ ನೂಕುನುಗ್ಗಲೇ ಅನುಪಾತವನ್ನ ಏರಿಸಿಬಿಡುತ್ತೆ. ಟೋಕನ್ ಕೊಟ್ಟ ಸಮಯ ಬರೆದುಕೊಳ್ಳಿ, ಕರೆದ ಸಮಯ ಅಲ್ಲ.

ಇನ್ನೊಂದು: ಫಾಸ್ಟಿಂಗ್ ಶುಗರ್ ಕೊಟ್ಟವರೇ ತಿಂಡಿಯಾದ 2 ಗಂಟೆಗೆ ಮತ್ತೆ ಬರ್ತಾರೆ. ಅದು ತಮ್ಮ ಪಾಡಿಗೆ ಬರೋ ಆಗಮನ ಅಲ್ಲ, ಬೆಳಗಿನ ಗುಂಪಿನದೇ ನೆರಳು. ಅವರನ್ನ ಸಾಲಲ್ಲಿ ನಿಲ್ಲಿಸಿದರೆ 2 ಗಂಟೆಯ ರೀಡಿಂಗ್ ಎರಡೂಕಾಲು ಗಂಟೆಯದ್ದಾಗುತ್ತೆ. ಅವರಿಗೆ ಬೇರೆ ಬಣ್ಣದ ಟೋಕನ್ ಕೊಟ್ಟು, ಸಮಯಕ್ಕೆ ಸರಿಯಾಗಿ ಮುಂದೆ ಕರೆಯಿರಿ.