ಸಹಾಯ ಬೇಕು: ಅಣಬೆ ರಿಸೊಟ್ಟೊ ಜೊತೆ ಯಾವ ವೈನ್ ಇಡಲಿ?

ಎಲ್ಲರಿಗೂ ನಮಸ್ಕಾರ. ನಾವಿರುವುದು ಇಟಲಿಯ ಟೊರಿನೊದಲ್ಲಿ. ಶನಿವಾರ ಪಕ್ಕದ ಮನೆಯವರನ್ನು ಊಟಕ್ಕೆ ಕರೆದಿದ್ದೇನೆ, ಒಟ್ಟು 6 ಜನ. ಪೊರ್ಚಿನಿ ಅಣಬೆಯ ರಿಸೊಟ್ಟೊ (ಇಟಲಿಯ ಮೆತ್ತನೆಯ ಅನ್ನದ ಅಡುಗೆ) ಮಾಡುತ್ತೇನೆ. ಒಣ ಅಣಬೆ ನೆನೆಸಿದ ಕಂದು ನೀರನ್ನು ಸೋಸಿ, ಅಕ್ಕಿ ಬೇಯುವಾಗ ಅದಕ್ಕೇ ಹಾಕುತ್ತೇನೆ. ಹಾಗಾಗಿ ಮಳೆ ಬಿದ್ದ ಕಾಡಿನ ಮಣ್ಣಿನ ವಾಸನೆ ಜೋರಾಗಿಯೇ ಇರುತ್ತದೆ. ಕೊನೆಗೆ ಬೆಣ್ಣೆ, ಚೀಸ್. ಪಾರ್ಮಿಜಾನೊ ಚೀಸ್ ಮಾಡುವಾಗ ಹಾಲು ಗಟ್ಟಿಯಾಗಲು ಕರುವಿನ ಹೊಟ್ಟೆಯ ರೆನೆಟ್ ಬಳಸುತ್ತಾರೆ, ನಾವು ಸಸ್ಯಾಹಾರಿಗಳು. ಅದಕ್ಕೇ ಬೇರೆ ಚೀಸ್ ತಂದಿಟ್ಟಿದ್ದೇನೆ.

ಕಳೆದ ವಾರ ಎರಡು ಬಾಟಲಿ ತಂದು ನೋಡಿದೆ. ಮೊದಲು ಇಲ್ಲಿನದೇ ಕೆಂಪು ವೈನ್ ನೆಬ್ಬಿಯೊಲೊ. ಅಣಬೆಗೆ ಚೆನ್ನಾಗಿ ಒಗ್ಗಿತು, ಆದರೆ ಒಗರು ಜಾಸ್ತಿ. ಬೆಣ್ಣೆಯ ನುಣುಪೆಲ್ಲ ಹೋಗಿ ನಾಲಿಗೆ ಒಣಗಿದ ಹಾಗಾಯಿತು. ಆಮೇಲೆ ಬಿಳಿ ವೈನ್ ಸೊಆವೆ. ಬೆಣ್ಣೆಗೆ ಅದರ ಹುಳಿ ಹಿತವಾಗಿತ್ತು, ಅಣಬೆಯ ಮುಂದೆ ಮಾತ್ರ ನೀರಿನಂತೆ ಅನ್ನಿಸಿತು.

ಅಲ್ಲೇ ನನಗೆ ಗೊಂದಲ. ಮಣ್ಣಿನ ರುಚಿಗೆ ಕೆಂಪು ಬೇಕು, ಬೆಣ್ಣೆಗೆ ಹುಳಿ ಬೇಕು ಅಲ್ವಾ? ಬಾರ್ಬೆರಾ ಎಂಬ ಕೆಂಪು ವೈನ್‌ನಲ್ಲಿ ಹುಳಿ ಜಾಸ್ತಿ, ಒಗರು ಕಡಿಮೆ. ಓಕ್ ಮರದ ಪೀಪಾಯಿಯಲ್ಲಿಟ್ಟ ಬಿಳಿ ವೈನ್ ಶಾರ್ಡೊನೆ ಕೂಡ ಮನಸ್ಸಿನಲ್ಲಿದೆ. ಈ ಅಡುಗೆಯ ಜೊತೆ ಇವನ್ನು ಕುಡಿದು ನೋಡಿದವರು ಹೇಳಿ: ಒಂದೇ ಬಗೆ ಇಡುವುದಾದರೆ ಯಾವುದು? ಬಾರ್ಬೆರಾ ಆದರೆ ಸ್ವಲ್ಪ ತಣ್ಣಗೆ ಮಾಡಿ ಕೊಡಬೇಕಾ?